ಹೆಸರು ಕೇಳುತ್ತ ನಡೆದವರು

ಹಳಗನ್ನಡ ಕಾವ್ಯವನ್ನು ಪಾಠ ಹೇಳುವ ನಮ್ಮಂಥವರ ನಾಲಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುವ ಮಾತೊಂದುಂಟು: ‘ಒಂದು ಬಗೆಯ ಮರ.’ ಕಾವ್ಯದಲ್ಲಿ ವನವರ್ಣನೆ ಬಂದಿತೆಂದರೆ ಈ ಮಾತು ನಮ್ಮ ನೆರವಿಗೆ ಬರುತ್ತದೆ. ಕವಿ ಒಂದೇ ಪದ್ಯದಲ್ಲಿ ಹತ್ತು ಮರಗಳನ್ನು ಹೆಸರು ಹಿಡಿದು ಕರೆದಿರುತ್ತಾನೆ. ನಾವು ಹತ್ತಕ್ಕೂ ಇದೊಂದೇ ಅರ್ಥವನ್ನು ಬರೆಸಿ ಮುಂದಿನ ಪದ್ಯಕ್ಕೆ ಹೊರಡುತ್ತೇವೆ. ಹುಡುಗರು ಬರೆದುಕೊಳ್ಳುತ್ತಾರೆ; ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಪಡೆಯುತ್ತಾರೆ. ಇದರಿಂದ ಯಾರಿಗೂ ನಷ್ಟವಿಲ್ಲವೆಂದೇ ನಾನು ಬಹುಕಾಲ ತಿಳಿದಿದ್ದೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಪಾಠದಲ್ಲಿ ‘ಅರ್ಜುನ’ ಎಂಬ ಮರದ ಹೆಸರು ಬಂತು. “ಪಾಂಡವರ ಅರ್ಜುನನಲ್ಲ, ಒಂದು ಬಗೆಯ ಮರ” ಎಂದು ನಗೆಯಾಡಿ ಮುಂದುವರಿಯುವುದರಲ್ಲಿದ್ದೆ. ಕಾವೇರಿಯ ದಡದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಎದ್ದುನಿಂತು, ಸಂಕೋಚದಿಂದಲೇ, “ಸಾರ್, ಅದು ನಮ್ಮ ಹೊಳೆಮತ್ತಿ ಅಲ್ವಾ? ನಮ್ಮ ತಾತ ಅದರ ಚಕ್ಕೆ ಕಷಾಯ ಕೊಡ್ತಾರೆ. ಹೋದ ತಿಂಗಳು ಸಂಗಮದಲ್ಲಿ ನಾವೆಲ್ಲ ಬುತ್ತಿ ಬಿಚ್ಚಿದ್ದು ಅದರ ನೆರಳಲ್ಲೇ” ಎಂದ. ತರಗತಿ ನಕ್ಕಿತು. ನಾನೂ ನಕ್ಕೆನೆನ್ನಬೇಕು. ಆದರೆ ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ. ಬಿಳಿಯ ತೊಗಟೆಯ ಆ ಮಹಾವೃಕ್ಷಕ್ಕೆ ಬೆನ್ನು ಆನಿಸಿ ಕುಳಿತು ನಾನು ಚಿತ್ರಾನ್ನ ತಿಂದಿದ್ದೆ. ಅದೇ ಮರದ ಹೆಸರಿನ ಅರ್ಥವನ್ನು ಇಪ್ಪತ್ತು ವರ್ಷ ಬರೆಸಿದ್ದೆ. ಎರಡಕ್ಕೂ ಸಂಬಂಧವುಂಟೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ಅಲ್ಲಿಂದ ನಮ್ಮ ನಡಿಗೆಗಳು ಆರಂಭವಾದುವು. ಬಿಡುವಾದ ಭಾನುವಾರ ಹತ್ತು ಹದಿನೈದು ಮಂದಿ ಸೇರುತ್ತೇವೆ. ವಿದ್ಯಾರ್ಥಿಗಳು, ಒಬ್ಬಿಬ್ಬರು ಸಹೋದ್ಯೋಗಿಗಳು, ಒಮ್ಮೊಮ್ಮೆ ಅವರ ಮನೆಯವರು ಮಕ್ಕಳು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಗಾದರೂ ಹೋಗಿ, ಬಸ್ಸಿಳಿದು, ಗಂಟೆಗೆ ಒಂದು ಮೈಲಿಯೂ ಸಾಗದ ನಡಿಗೆಯಲ್ಲಿ ಗಿಡಮರಗಳನ್ನು ನೋಡುತ್ತ, ಕಂಡವರನ್ನು ಹೆಸರು ಕೇಳುತ್ತ ಹೋಗುತ್ತೇವೆ. ನಾವೇನೋ ಹೊಸದನ್ನು ಮಾಡುತ್ತಿದ್ದೇವೆಂಬ ಹೆಮ್ಮೆ ಮೊದಲು ನಮಗಿತ್ತು. ಹಳೆಯ ಪುಸ್ತಕಗಳನ್ನು ತಿರುವಿಹಾಕಿ, ಹಳೆಯ ತಲೆಯವರ ಮಾತು ಕೇಳಿದ ಮೇಲೆ ಆ ಹೆಮ್ಮೆ ಇಳಿಯಿತು. ಇದೇ ಹಾದಿಗಳಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತ ನಡೆದವರ ಚರಿತ್ರೆಯೇ ಒಂದುಂಟು. ಅದನ್ನಿಲ್ಲಿ ಸಂಗ್ರಹವಾಗಿ ಹೇಳಬೇಕೆಂದು ನನ್ನ ಆಸೆ.

ಆ ಚರಿತ್ರೆಯ ಒಂದು ಎಳೆ ಬಹಳ ದೂರದಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ ಔಷಧಿ ತಯಾರಿಸುವವರ ಸಂಘವೊಂದು 1617ರಲ್ಲಿ ಅರಸನ ಸನ್ನದು ಪಡೆಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಬೇರನ್ನೂ ಎಲೆಯನ್ನೂ ತಪ್ಪಾಗಿ ಗುರುತಿಸಿದರೆ ರೋಗಿಯ ಪ್ರಾಣಕ್ಕೇ ಸಂಚಕಾರವಲ್ಲವೆ? ಆದುದರಿಂದ 1620ರಿಂದ ಆ ಸಂಘದವರು ಹುಡುಗರನ್ನು ಕಟ್ಟಿಕೊಂಡು ಲಂಡನ್ನಿನ ಹೊರವಲಯದ ಹೊಲ ಬಯಲುಗಳಲ್ಲಿ ಸಸ್ಯಗಳನ್ನು ಹುಡುಕುತ್ತ ನಡೆಯುವ ಪದ್ಧತಿಯನ್ನು ಹಾಕಿಕೊಂಡರು. ಮುಂದಿನ ಶತಮಾನದಲ್ಲಿ ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿ ಲಿನ್ನೇಯಸ್ ಎಂಬ ಮಹಾ ಪಂಡಿತ ಈ ನಡಿಗೆಯನ್ನು ಒಂದು ಉತ್ಸವವನ್ನಾಗಿಯೇ ಮಾಡಿದ. ಜಗತ್ತಿನ ಗಿಡಗಳಿಗೆಲ್ಲ ಎರಡು ಪದಗಳ ಲ್ಯಾಟಿನ್ ಹೆಸರನ್ನು ಕೊಡುವ ಕ್ರಮವನ್ನು 1753ರ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದವನು ಇವನೇ. ಬೇಸಗೆಯ ದಿನಗಳಲ್ಲಿ ಅವನ ಹಿಂದೆ ವಿದ್ಯಾರ್ಥಿಗಳು ಹೊರಡುವರು. ಕೆಲವೊಮ್ಮೆ ನೂರಾರು ಮಂದಿ. ಸಂಜೆ ಟೋಪಿಗಳಿಗೆ ಹೂ ಸಿಕ್ಕಿಸಿಕೊಂಡು, ಕಹಳೆ ನಗಾರಿಗಳೊಡನೆ ಗುರುವಿಗೆ ಜಯಕಾರ ಹಾಕುತ್ತ ಊರೊಳಕ್ಕೆ ಬರುವರು.

ಉಪ್ಸಾಲಾ ಎಲ್ಲಿ, ನಾಗಮಂಗಲವೆಲ್ಲಿ ಎಂದು ವಾಚಕರು ಕೇಳಬಹುದು. ನಡುವೆ ಒಂದೆರಡು ಕೊಂಡಿಗಳು ಮಾತ್ರ ಇವೆ. ಲಿನ್ನೇಯಸನ ಕ್ರಮವನ್ನು ಸ್ಕಾಟ್‌ಲೆಂಡಿನಲ್ಲಿ ಪ್ರಚಾರ ಮಾಡಿದವನು ಎಡಿನ್‌ಬರೋ ವಿಶ್ವವಿದ್ಯಾಲಯದ ಜಾನ್ ಹೋಪ್. ಹೋಪನ ಬಳಿ ಸಸ್ಯಶಾಸ್ತ್ರವನ್ನು ಕಲಿತು, 1783ರಲ್ಲಿ ವೈದ್ಯಪದವಿ ಪಡೆದು ಹೊರಬಂದ ಶಿಷ್ಯನೊಬ್ಬನು ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಯಲ್ಲಿ ಸೇರಿ ನಮ್ಮ ನಾಡಿಗೆ ಬಂದ. ಅವನೇ ಫ್ರಾನ್ಸಿಸ್ ಬುಕನನ್. ಮೈಸೂರಿನ ಚರಿತ್ರೆಯನ್ನು ಓದಿದವರಿಗೆ ಈ ಹೆಸರು ಹೊಸದಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರಿಗೆ ಗೆದ್ದ ನಾಡಿನಲ್ಲಿ ಏನೇನಿದೆ ಎಂಬ ಲೆಕ್ಕ ಬೇಕಾಯಿತು. ಬೆಳೆ ಯಾವುದು, ನೀರಾವರಿ ಹೇಗೆ, ಕಾಡಿನಲ್ಲಿ ಯಾವ ಮರ, ದನ ಎಂಥದು, ನೆಯ್ಗೆ ಎಂಥದು ಎಂಬುದನ್ನೆಲ್ಲ ನೋಡಿ ಬರೆದುಕೊಂಡು ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ರ ಫೆಬ್ರವರಿಯಲ್ಲಿ ಬುಕನನ್ನನಿಗೆ ಆಜ್ಞೆ ಮಾಡಿದನು. ಆ ವರ್ಷದ ಏಪ್ರಿಲ್ 23ರಂದು ಅವನು ಮದರಾಸಿನಿಂದ ಹೊರಟು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವನ್ನು ಮುಟ್ಟಿದ. ಆಮೇಲೆ ಒಂದು ವರ್ಷಕ್ಕೂ ಮಿಕ್ಕಿ ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳು ಇಂದಿಗೂ ನಮ್ಮ ಚರಿತ್ರೆಕಾರರಿಗೆ ಆಧಾರ.

ಬುಕನನ್ ಬಂದಾಗ ಶ್ರೀರಂಗಪಟ್ಟಣದ ದ್ವೀಪ ಯಾವ ಸ್ಥಿತಿಯಲ್ಲಿತ್ತೆಂಬುದನ್ನು ನೆನೆಯಬೇಕು. ದ್ವೀಪದ ಮೂಡಣ ತುದಿಯಲ್ಲಿ, ಈಗ ಗುಂಬಜ್ ಇರುವ ಕಡೆ, ಹೈದರ್ ಟಿಪ್ಪೂಗಳ ಲಾಲ್‌ಬಾಗ್ ಎಂಬ ಸೊಗಸಾದ ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗನ್ನು ಎಲ್ಲರೂ ಬಲ್ಲರು; ಅದೇ ಹೆಸರಿನ ಈ ತೋಟವನ್ನು ಬಲ್ಲವರು ಕಡಿಮೆ. 1792ರ ಮುತ್ತಿಗೆಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಅಲ್ಲಿನ ಸಾಲು ಸಾಲು ಸೈಪ್ರೆಸ್ ಮರಗಳನ್ನು ಕಡಿದು, ಕೋಟೆಗೆ ಲಗ್ಗೆ ಹಾಕಲು ಬೇಕಾದ ಹೊರೆಗಳನ್ನು ಕಟ್ಟಿತು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಯುದ್ಧದಲ್ಲಿ ಸತ್ತ ಸರದಾರರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಸತ್ತ ಮರಗಳನ್ನು ಯಾರು ನೆನೆಯುತ್ತಾರೆ? ದ್ವೀಪಕ್ಕೆ ಹೋದಾಗಲೆಲ್ಲ ನಮ್ಮ ಗುಂಪನ್ನು ನಾನು ಗುಂಬಜ್‌ನ ಆವರಣದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಈ ಸಂಗತಿಯನ್ನು ಹೇಳುವುದುಂಟು.

ಮತ್ತೆ ಬುಕನನ್ನನ ವಿಷಯಕ್ಕೆ ಬರೋಣ. 1800ರಲ್ಲಿಯೇ ಅವನು ಶಿರಾದಿಂದ ಶ್ರೀರಂಗಪಟ್ಟಣಕ್ಕೆ ಮರಳುವಾಗ ಬೆಳ್ಳೂರು, ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳ ಹಾದಿಯನ್ನು ಹಿಡಿದ. ನಮ್ಮ ಭಾನುವಾರದ ನಡಿಗೆಗಳ ಹಾದಿ ಬಹುಮಟ್ಟಿಗೆ ಇದೇ. ಇನ್ನೂರು ವರ್ಷ ಹಿಂದೆ ಈ ಕುರುಚಲು ಗುಡ್ಡಗಳ ನಡುವೆ, ಎಡಿನ್‌ಬರೋದಲ್ಲಿ ಲ್ಯಾಟಿನ್ ಹೆಸರುಗಳನ್ನು ಕಂಠಪಾಠ ಮಾಡಿದ ವೈದ್ಯನೊಬ್ಬನು ದುಭಾಷಿಯನ್ನು ಜೊತೆಗಿಟ್ಟುಕೊಂಡು, ಹೊಲದವರನ್ನೂ ಊರ ಹಿರಿಯರನ್ನೂ ನಿಲ್ಲಿಸಿ ‘ಇದಕ್ಕೆ ನೀವೇನೆನ್ನುತ್ತೀರಿ?’ ಎಂದು ಕೇಳಿದನಲ್ಲ, ಆ ದೃಶ್ಯವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ನನಗೆ ವಿಚಿತ್ರ ಸಂತೋಷವಾಗುತ್ತದೆ. ಅವನ ಕಿವಿಗೆ ಮೇಲುಕೋಟೆ ‘ಮೈಲ್‌ಕೋಟೆ’ಯಾಗಿ ಕೇಳಿಸಿತು. ಹೊನ್ನೆ ಮೊದಲಾದ ಕನ್ನಡ ಮರಗಳ ಹೆಸರುಗಳೂ ಹೀಗೆಯೇ ಸೊಟ್ಟಗಾಗಿ, ಆದರೆ ಗುರುತು ಸಿಗುವಂತೆ, ಅವನ ಪುಟಗಳಲ್ಲಿ ನಿಂತಿವೆ. ಒಂದೊಂದು ಹೆಸರನ್ನೂ ಬಾಯಿ ಬಿಟ್ಟು ಓದಿದರೆ ಅದರ ಹಿಂದಿನ ಕನ್ನಡ ದನಿ ಕೇಳಿಸುತ್ತದೆ.

ಆದರೆ ಇಲ್ಲೊಂದು ಕೊರತೆಯುಂಟು. ಹೆಸರು ಹೇಳಿದವರು ಯಾರು? ಒಬ್ಬ ರೈತ, ಒಬ್ಬ ಗೌಡ, ಒಬ್ಬ ಬ್ರಾಹ್ಮಣ, ಊರಿನವರು ಎಂದು ಬರೆದುಕೊಂಡನೇ ಹೊರತು ಬಹುಪಾಲು ಅವರ ಹೆಸರುಗಳನ್ನು ಬರೆದುಕೊಳ್ಳಲಿಲ್ಲ. ಕೇಳಿದವನ ಹೆಸರಾದರೋ ಒಂದು ಮರದ ಕುಲಕ್ಕೇ ನಿಂತುಬಿಟ್ಟಿತು. ಸಿಹಿತಿಂಡಿಗಳ ಮೇಲೆ ಉದುರಿಸುವ ಚಾರೋಳಿ ಬೀಜವನ್ನು ಕೊಡುವ ಮರ ಸಸ್ಯಶಾಸ್ತ್ರಜ್ಞರ ಬಾಯಲ್ಲಿ ‘ಬುಕನಾನಿಯ.’ ಇದಕ್ಕೆ ಬುಕನನ್ನನನ್ನು ದೂರಿ ಫಲವಿಲ್ಲ. ಆ ಕಾಲದ ರೂಢಿಯೇ ಹಾಗಿತ್ತು. ಅವನು ಬಂದದ್ದು ಲೆಕ್ಕ ತೆಗೆಯುವುದಕ್ಕೆ, ನೆಂಟಸ್ತಿಕೆ ಬೆಳೆಸುವುದಕ್ಕಲ್ಲ. ಹಾಗಿದ್ದೂ ಅವನು ಕೇಳಿ ಬರೆಯದಿದ್ದರೆ ನಮಗೆ ಈ ಲೆಕ್ಕವೂ ಉಳಿಯುತ್ತಿರಲಿಲ್ಲ.

ಬುಕನನ್ನನ ಸಮಕಾಲೀನನಾದ ಬೆಂಜಮಿನ್ ಹೈನೆ ಎಂಬ ಮತ್ತೊಬ್ಬ ಸಸ್ಯಜ್ಞನು ಮೆಕೆಂಜಿಯ ಮೈಸೂರು ಸರ್ವೆಯೊಡನೆ ತಿರುಗಿದ. ಬೆಂಗಳೂರಿನ ಲಾಲ್‌ಬಾಗನ್ನೂ ನೋಡಿಕೊಂಡ. ಆ ಶತಮಾನದ ಕೊನೆಗೆ ಬಂದರೆ 1894 ನಮ್ಮ ಪಾಲಿಗೆ ನೆನಪಿಡತಕ್ಕ ವರ್ಷ. ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರನ್ ಮೈಸೂರು ಕೊಡಗುಗಳ ಕಾಡುಮರಗಳನ್ನು ಕುರಿತು ಬರೆದ ಪುಸ್ತಕದ ಮೂರನೆಯ ಮುದ್ರಣ ಬಂದದ್ದು ಆ ವರ್ಷ. ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಹೊರಬಂದದ್ದೂ ಅದೇ ವರ್ಷ. ಕಿಟ್ಟೆಲರು ಪಾದ್ರಿಗಳು, ಗಿಡದ ಹೆಸರಿಗೆ ಅನೇಕ ಕಡೆ ಲ್ಯಾಟಿನ್ ಹೆಸರನ್ನು ಪಕ್ಕದಲ್ಲಿಟ್ಟರು. ‘ಒಂದು ಬಗೆಯ ಮರ’ ಎಂದು ತಪ್ಪಿಸಿಕೊಳ್ಳಲು ನಮಗೆ ನೆಪವೇ ಇರಲಿಲ್ಲ. ಪುಸ್ತಕ ಕಪಾಟಿನಲ್ಲಿತ್ತು, ಮರ ಹೊಳೆಯ ದಡದಲ್ಲಿತ್ತು. ನಡುವೆ ನಡೆಯುವ ಕಾಲುಗಳಿರಲಿಲ್ಲ, ಅಷ್ಟೆ.

ಇನ್ನೂ ಮುಂದೆ ಬಂದರೆ 1976. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನರು ಅಮೆರಿಕದ ಡಾನ್ ನಿಕೊಲ್ಸನ್ನರೊಡನೆ ಸೇರಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಬೃಹದ್ಗ್ರಂಥವನ್ನು ಆ ವರ್ಷ ಪ್ರಕಟಿಸಿದರು. ಕೃಷ್ಣರಾಜಪೇಟೆ ತಾಲ್ಲೂಕು ಹಾಸನದ ಗಡಿಗೆ ಅಂಟಿಕೊಂಡಿರುವುದರಿಂದ ಆ ಭಾಗದಲ್ಲಿ ನಡೆಯುವವರಿಗೂ ಅದು ಬಹಳ ಉಪಯುಕ್ತ. ಅದೇ ವರ್ಷ ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬಂತು. ಡಿ.ವಿ.ಜಿ.ಯವರ ಮಗನಾದ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡುಗಳಲ್ಲಿ ಗಿಡ ನೋಡುತ್ತ ಅಲೆದ ಅನುಭವವನ್ನೇ ಅವರು ಕಥೆಯಂತೆ ಹೇಳಿದರು; ಜೊತೆಗೆ ಗಿಡದ ಚಿತ್ರಗಳನ್ನೂ ತಾವೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಸಂದಿತು. ಉಪ್ಸಾಲಾದ ಆ ಕಹಳೆ ನಗಾರಿಗಳ ಉತ್ಸಾಹ ಕನ್ನಡದಲ್ಲಿ ಸದ್ದು ಮಾಡಿದ್ದು ಈ ಪುಸ್ತಕದಲ್ಲಿ. ಗುಂಪಾಗಿ ನಡೆಯುವುದು, ನಗುವುದು, ತಪ್ಪು ಗುರುತಿಸುವುದು, ತಿದ್ದಿಸಿಕೊಳ್ಳುವುದು, ಇದೆಲ್ಲವೂ ವಿದ್ಯೆಯ ಭಾಗವೆಂಬುದನ್ನು ಅದನ್ನೋದಿದ ಯಾರೂ ಮರೆಯಲಾರರು.

ಇಷ್ಟೂ ಪುಸ್ತಕದ ಎಳೆಯಾಯಿತು. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಪುಸ್ತಕಕ್ಕೆ ಬಾರದ ಇನ್ನೊಂದು ಎಳೆಯಿದೆ. ಲಂಡನ್ನಿನ ಸಂಘದವರು ಹುಡುಗರನ್ನು ಹೊಲಕ್ಕೆ ಕರೆದೊಯ್ಯುವುದಕ್ಕೆ ಮೊದಲೂ ನಮ್ಮ ಜನ ಗಿಡವನ್ನು ಬಲ್ಲವರೇ. 1025ರ ಸುಮಾರಿನ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದವಿದೆ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ ದನಕರುಗಳ ಚಿಕಿತ್ಸೆಯನ್ನು ಹೇಳುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಕ್ಕೆ ಮದ್ದನ್ನು ಹೇಳುತ್ತದೆ. ಇವರೆಲ್ಲ ಗಿಡದ ಹೆಸರುಗಳನ್ನು ಕನ್ನಡದಲ್ಲಿ ಬರೆದರೆಂದರೆ, ಆ ಹೆಸರಿನ ಗಿಡವನ್ನು ಕಿತ್ತು ತರಬಲ್ಲ ಜನ ಆಗ ಇದ್ದರೆಂದೇ ಅರ್ಥ.

ಆ ಜನ ಗಿಡವನ್ನು ಕಲಿತದ್ದು ಹೇಗೆ? ಗುಂಪಾಗಿ ನಡೆದೇ. ಒಂದು ಉದಾಹರಣೆ ಗಣೇಶನ ಹಬ್ಬ. ಏಕವಿಂಶತಿ ಪತ್ರಪೂಜೆಗೆ ಇಪ್ಪತ್ತೊಂದು ಬಗೆಯ ಎಲೆ ಬೇಕು. ಮಾಚಿಪತ್ರೆ, ಬಿಲ್ವ, ಗರಿಕೆ, ಉಮ್ಮತ್ತಿ, ಉತ್ತರಾಣಿ, ಎಲಚಿ, ಕಣಗಿಲೆ, ವಿಷ್ಣುಕ್ರಾಂತಿ, ಲಕ್ಕಿ, ಬನ್ನಿ, ಅರಳಿ, ಎಕ್ಕ, ಕೊನೆಗೆ ನನ್ನ ಮಾನ ಕಳೆದ ಆ ಅರ್ಜುನ, ಅಂದರೆ ಹೊಳೆಮತ್ತಿಯೂ ಆ ಪಟ್ಟಿಯಲ್ಲಿದೆ! ಹಬ್ಬದ ಹಿಂದಿನ ದಿನ ಹುಡುಗರ ದಂಡು ಬುಟ್ಟಿ ಹಿಡಿದು ಊರಾಚೆ ಹೊರಡುವುದು. ಮುಂದೆ ಒಬ್ಬ ದೊಡ್ಡಣ್ಣ, ಹಿಂದೆ ಚಿಳ್ಳೆಪಿಳ್ಳೆ. ಪೂಜೆಗೆಂದು ಹೊರಟ ಆ ದಂಡು ಸಸ್ಯಶಾಸ್ತ್ರದ ತರಗತಿಯೇ ಆಗಿತ್ತು. ಪಟ್ಟಿಯಲ್ಲಿ ದೇವದಾರು ಎಂಬ ಹೆಸರೂ ಬರುತ್ತದೆ. ಹಿಮಾಲಯದ ದೇವದಾರು ಮಂಡ್ಯದ ಸೀಮೆಯಲ್ಲಿ ಎಲ್ಲಿ ಬರಬೇಕು? ಆದರೆ ನಮ್ಮ ಕುರುಚಲು ಗುಡ್ಡಗಳಲ್ಲಿ ಬೆಳೆಯುವ, ಆ ಮರಕ್ಕೆ ಯಾವ ನಂಟೂ ಇಲ್ಲದ ಪುಟ್ಟ ಗಿಡವೊಂದಕ್ಕೂ ದೇವದಾರಿ ಎಂಬ ಹೆಸರುಂಟು. ದೂರದ ಹೆಸರನ್ನು ಹತ್ತಿರದ ಗಿಡಕ್ಕೆ ಇಟ್ಟು ಒಗ್ಗಿಸಿಕೊಂಡ ಜಾಣತನ ಅದು. ಪೇಟೆಯಲ್ಲಿ ಇಪ್ಪತ್ತೊಂದು ಎಲೆಗಳೂ ಒಂದೇ ಕಟ್ಟಿನಲ್ಲಿ ಸಿಗುವ ಈ ಕಾಲದಲ್ಲಿ ಪೂಜೆ ನಡೆಯುತ್ತದೆ. ತರಗತಿ ಮಾತ್ರ ಮುಚ್ಚಿದೆ.

ಇದಕ್ಕೂ ದೊಡ್ಡ ಪಾಠಶಾಲೆ ಬೆರಕೆಸೊಪ್ಪಿನದು. ಮಳೆ ಬಿದ್ದು ಹೊಲ ಹಸುರಾದಾಗ ನಾಲ್ಕಾರು ಹೆಂಗಸರು ಮಡಿಲು ಕಟ್ಟಿಕೊಂಡು ಹೊರಟು, ಬದುಗಳಲ್ಲಿ ತಾನಾಗಿ ಹುಟ್ಟಿದ ಸೊಪ್ಪುಗಳನ್ನು ಕುಯ್ದು ತರುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಅಣ್ಣೆ, ಗೋಣಿ, ಕನ್ನೆ, ಹೊನಗೊನೆ, ಗಣಿಕೆ, ಕೀರೆ ಹೀಗೆ ಹತ್ತು ಹದಿನೈದು ಬಗೆ ಬೆರೆತರೆ ಬೆರಕೆಸೊಪ್ಪು. ಅದರ ಉಪ್ಸಾರಿನೊಡನೆ ರಾಗಿಮುದ್ದೆ ಉಂಡವರಿಗೆ ಅದರ ರುಚಿಯನ್ನು ನಾನು ವರ್ಣಿಸಬೇಕಾಗಿಲ್ಲ. ಈ ವಿದ್ಯೆಗೆ ಸನ್ನದಿಲ್ಲ, ಸಂಪುಟಗಳಿಲ್ಲ. ಅತ್ತೆ ಸೊಸೆಗೆ, ಅಜ್ಜಿ ಮೊಮ್ಮಗಳಿಗೆ ನಡೆಯುತ್ತ ಹೇಳಿಕೊಟ್ಟದ್ದು. ತಪ್ಪು ಸೊಪ್ಪು ಕುಯ್ದರೆ ಹೊಟ್ಟೆಯೇ ಪರೀಕ್ಷೆ ನಡೆಸುತ್ತಿತ್ತು!

ನಮ್ಮ ನಡಿಗೆಗಳಲ್ಲಿ ಈ ಎರಡು ಎಳೆಗಳೂ ಒಂದನ್ನೊಂದು ಸಂಧಿಸುವುದನ್ನು ಕಂಡಿದ್ದೇನೆ. ನಾಲ್ಕು ತಾಲ್ಲೂಕುಗಳದೂ ಒಂದೊಂದು ಮುಖ. ಶ್ರೀರಂಗಪಟ್ಟಣ ಹೊಳೆಯ ಸೀಮೆ. ಲೋಕಪಾವನಿಯು ಕಾವೇರಿಯನ್ನು ಸೇರುವ ಕಡೆಯಲ್ಲಿರುವ ಕರಿಘಟ್ಟ ದರ್ಭೆಯ ಬೆಟ್ಟವೆಂದು ಪ್ರಸಿದ್ಧ. ವರಾಹಸ್ವಾಮಿ ಮೈಕೊಡವಿದಾಗ ಉದುರಿದ ರೋಮವೇ ದರ್ಭೆಯಾಯಿತೆಂದು ಸ್ಥಳಪುರಾಣ. ಪಾಂಡವಪುರಕ್ಕೆ ಬಂದರೆ ಮೇಲುಕೋಟೆ. ಅದಕ್ಕೆ ದಕ್ಷಿಣ ಬದರಿಯೆಂಬ ಹೆಸರುಂಟೆಂದು ನಮ್ಮ ಹುಡುಗರೆಲ್ಲ ಬಲ್ಲರು. “ಬದರಿ ಎಂದರೇನು?” ಎಂದು ಬೆಟ್ಟದ ಹಾದಿಯಲ್ಲಿ ಕೇಳಿದೆ. ಯಾರೂ ಹೇಳಲಿಲ್ಲ. ಅವರಲ್ಲೊಬ್ಬಳು ಆಗ ಎಲಚಿಹಣ್ಣನ್ನೇ ತಿನ್ನುತ್ತಿದ್ದಳು. ಅದೇ ಬದರಿಯೆಂದು ಹೇಳಿದಾಗ, ಬೀಜವನ್ನು ಉಗುಳಲೂ ತೋರದೆ ಕೈಯಲ್ಲಿಟ್ಟುಕೊಂಡು ನಿಂತಳು! ಈ ಬೆಟ್ಟಗಳ ಸುತ್ತಿನ ಸುಮಾರು 50 ಚದರ ಕಿಲೋಮೀಟರು ಕಾಡು 1974ರಲ್ಲಿ ವನ್ಯಧಾಮವಾಯಿತು. ತೋಳಗಳಿಗೆ ನೆಲೆಯಾಗಲೆಂದು ಕಾಯ್ದ ಕಾಡು ದಿಂಡುಗ, ಕಗ್ಗಲಿ, ಕಾರೆ, ಕವಳೆಗಳಿಗೂ ನೆಲೆಯಾಗಿದೆ.

ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ನೀರು, ಕೆರೆಯಂಗಳ. ನಾಗಮಂಗಲ ಬಹುಮಟ್ಟಿಗೆ ಬೆದ್ದಲು, ತಂಗಡಿ ಬಂದರೆ ಗಿಡಗಳ ಬಯಲು. 1911ರಲ್ಲಿ ಆರಂಭವಾಗಿ 1932ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರವೂ ಅದರ ನಾಲೆಯೂ ಈ ಸೀಮೆಯ ಬಹುಭಾಗವನ್ನು ಕಬ್ಬು ಬತ್ತಗಳ ನಾಡಾಗಿ ಮಾಡಿದುವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಬರದ ಸೀಮೆಗೆ ಅನ್ನ ಬಂದುದನ್ನು ಯಾರು ತಾನೆ ಹಳಿಯಬಲ್ಲರು? ಆದರೆ ರಾಗಿ ಅವರೆಗಳ ಹೊಲ ಹೋದ ಕಡೆಯಲ್ಲೆಲ್ಲ ಅದರ ಬದುವಿನ ಸೊಪ್ಪೂ ಹೋಯಿತು. ಸೊಪ್ಪಿನೊಡನೆ ಸೊಪ್ಪಿನ ಹೆಸರೂ ಹೊರಟಿತು. ಬೆರಕೆಸೊಪ್ಪನ್ನು ಬಲ್ಲವರು ನಮಗೆ ಹೆಚ್ಚಾಗಿ ಸಿಕ್ಕಿದ್ದು ನೀರು ಕಾಣದ ನಾಗಮಂಗಲದ ಕಡೆಯಲ್ಲಿ.

ಅಲ್ಲಿಯ ಒಂದು ಬೆಳಗ್ಗೆ ನನಗೆ ಮರೆಯದು. ಹೊಲದ ಬದುವಿನಲ್ಲಿ ಅಜ್ಜಿಯೊಬ್ಬಳು ಸೊಪ್ಪು ಕುಯ್ಯುತ್ತಿದ್ದಳು. ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ಗಿಡವೊಂದರ ಪಟ ತೆಗೆದ. ಕ್ಷಣದಲ್ಲಿ ಲ್ಯಾಟಿನ್ ಹೆಸರು ಬಂತು. ಹೆಸರು ಸರಿಯಾಗಿಯೇ ಇತ್ತು. ಅಜ್ಜಿ ತಲೆಯೆತ್ತಿ, “ಏನ್ ಹುಡುಕ್ತಿದೀರ ಸ್ವಾಮಿ?” ಎಂದಳು. “ಅವ್ವಾ, ಇದು ಯಾವ ಸೊಪ್ಪು?” ಎಂದೆ. “ಅಣ್ಣೆಸೊಪ್ಪು ಅಲ್ವ್ರಾ! ಓದ್ದೋರ್ಗೆ ಇಷ್ಟೂ ಗೊತ್ತಿಲ್ವಾ?” ಎಂದು ನಕ್ಕಳು. ಆಮೇಲೆ ಹುಡುಗನ ಕೈಯಲ್ಲಿದ್ದ ಗಿಡವನ್ನು ತೆಗೆದುಕೊಂಡು, “ಇದು ಬ್ಯಾಡ ಮಗಾ, ಕುಡಿ ಹೂವಿಗ್ ಬಂದದೆ, ಬಲ್ತೋಗದೆ. ಎಳೇದು ನೋಡ್ಕಂಡ್ ಕುಯ್ಯಿ” ಎಂದಳು. ಯಂತ್ರ ಹೆಸರನ್ನು ಹೇಳಿತ್ತು. ಯಾವಾಗ ಕುಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೇಳಲು ಅಜ್ಜಿಯೇ ಬೇಕಾಯಿತು.

ಹಿಂದೆ ಐದಾರು ಜನ ಜೊತೆಗೂಡಿ ಬರುತ್ತಿದ್ದರಂತೆ. ಕೆಲವರು ತೀರಿಕೊಂಡರು, ಕೆಲವರು ಮಕ್ಕಳೊಡನೆ ಬೆಂಗಳೂರು ಸೇರಿದರು. ಸೊಸೆಗೆ ಪುರುಸೊತ್ತಿಲ್ಲ. ಈಗ ಇವಳೊಬ್ಬಳೇ. ನಾವು ಪಕ್ಕದ ಹೊಲದ ಕಡೆ ತಿರುಗಿದಾಗ ಅವಳು ಕೂಗಿ ಹೇಳಿದಳು: “ಆ ಬದೀಲಿ ಕುಯ್ಬ್ಯಾಡಿ, ಔಷಧಿ ಹೊಡ್ದವ್ರೆ!”

ಈ ಮಾತನ್ನು ಕೇಳಿ ನಾನು ನಿಂತಲ್ಲೇ ನಿಂತೆ. ‘ಓಷಧಿ’ ಎಂದರೆ ಸಂಸ್ಕೃತದಲ್ಲಿ ಗಿಡಮೂಲಿಕೆ, ಸಸ್ಯ. ಅದರಿಂದ ಬಂದ ‘ಔಷಧ’ವನ್ನೇ ನಮ್ಮ ಜನ ಔಷಧಿ ಎನ್ನುವುದು. ಗಿಡವೇ ಔಷಧಿಯಾಗಿದ್ದ ಕಾಲದಿಂದ, ಗಿಡವನ್ನು ಕೊಲ್ಲುವ ವಿಷವನ್ನು ಔಷಧಿ ಎಂದು ಕರೆಯುವ ಕಾಲಕ್ಕೆ ಬಂದಿದ್ದೇವೆ. ಒಂದು ಪದದ ಚರಿತ್ರೆಯಲ್ಲಿ ಒಂದು ಸೀಮೆಯ ಚರಿತ್ರೆಯೇ ಅಡಗಿದೆ. ಈ ಸೊಪ್ಪುಗಳಿಗೆಲ್ಲ ಕೃಷಿಯ ಪುಸ್ತಕದಲ್ಲಿ ಈಗ ಒಂದೇ ಹೆಸರು, ‘ಕಳೆ.’ ನಾವು ಕನ್ನಡದ ಮೇಷ್ಟರುಗಳು ಮರಗಳಿಗೆಲ್ಲ ‘ಒಂದು ಬಗೆಯ ಮರ’ ಎಂದೆವು. ಅವರು ಸೊಪ್ಪುಗಳಿಗೆಲ್ಲ ‘ಕಳೆ’ ಎಂದರು. ಹೆಸರು ಕಳೆದುಕೊಂಡದ್ದನ್ನು ಕೀಳುವುದು ಸುಲಭ.

ಹಾಗೆಂದು ನಮ್ಮದು, ಹೊರಗಿನದು ಎಂದು ಗಿಡಗಳಲ್ಲಿಯೂ ಜಗಳ ಹಚ್ಚುವವನು ನಾನಲ್ಲ. ಮೆಣಸಿನಕಾಯಿ, ನೆಲಗಡಲೆ, ಸೀಬೆ, ಪರಂಗಿ ಎಲ್ಲವೂ ಕಡಲಾಚೆಯಿಂದ ಬಂದುವೇ. ಅಮೆರಿಕದಿಂದ ಬಂದ ಖಾರದ ಕಾಯಿಗೆ ನಮ್ಮ ಮೆಣಸಿನ ಹೆಸರಿಟ್ಟು ಒಳಗೆ ಕರೆದುಕೊಂಡೆವು. ಇಂದು ಅದಿಲ್ಲದೆ ಉಪ್ಸಾರೇ ಇಲ್ಲ. ಬಂದದ್ದು ತಪ್ಪಲ್ಲ, ಬಂದದ್ದು ಇದ್ದುದನ್ನು ನುಂಗಿದರೆ ಕಷ್ಟ. ಲಂಟಾನ, ಪಾರ್ಥೇನಿಯಂಗಳು ಬದುಗಳನ್ನು ಹೇಗೆ ಮುಚ್ಚಿಬಿಟ್ಟಿವೆ ಎಂಬುದನ್ನು ಮನೆಯಿಂದ ಹೊರಟ ಯಾರೂ ಕಾಣಬಹುದು. ಆದರೆ ಏನು ಹೋಯಿತೆಂದು ತಿಳಿಯಬೇಕಾದರೆ ಮೊದಲು ಏನಿತ್ತೆಂದು ತಿಳಿದಿರಬೇಕಲ್ಲವೆ?

ಈ ನಾಲ್ಕು ತಾಲ್ಲೂಕುಗಳು ಕನ್ನಡಕ್ಕೆ ಕೊಟ್ಟದ್ದು ಅಲ್ಪವಲ್ಲ. ಮೇಲುಕೋಟೆಯ ಪು.ತಿ.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಈ ನೆಲದವರು. ನರಸಿಂಹಸ್ವಾಮಿಯವರು 1942ರಲ್ಲಿ ತಮ್ಮ ಮೊದಲ ಕವನಸಂಗ್ರಹಕ್ಕೆ ಹೂವಿನ ಹೆಸರನ್ನೇ ಇಟ್ಟರು. ‘ಮೈಸೂರು ಮಲ್ಲಿಗೆ’ ಎಂದರೆ ಸಾಕು, ಓದುವವನ ಮೂಗಿಗೆ ಪರಿಮಳ ಬಂದಾಗಿತ್ತು. ನೂರು ವರ್ಷದ ಮೇಲೆ ನನ್ನಂಥ ಒಬ್ಬ ಮೇಷ್ಟರು ಕರಿಹಲಗೆಯ ಮುಂದೆ ನಿಂತು, ‘ಮಲ್ಲಿಗೆ: ಒಂದು ಬಗೆಯ ಹೂ’ ಎಂದು ಬರೆಸುವಂತಾಗಬಾರದು. ನಗಬೇಡಿ, ಅರ್ಜುನಕ್ಕೆ ಆ ಗತಿ ಬರುತ್ತದೆಂದು ಹಳೆಯ ಕವಿಗಳೂ ಎಣಿಸಿರಲಾರರು. ಪದ ಪುಸ್ತಕದಲ್ಲಿ ಉಳಿದರೆ ಭಾಷೆ ಉಳಿದಂತಲ್ಲ. ಪದವನ್ನು ಕೇಳಿದೊಡನೆ ಎದ್ದು ಹೋಗಿ ಆ ಮರವನ್ನು ಮುಟ್ಟಿ ಬರಬಲ್ಲವನೊಬ್ಬನು ಊರಿನಲ್ಲಿರಬೇಕು.

ನಮ್ಮ ಗುಂಪು ಈಗ ಒಂದು ನೋಟುಪುಸ್ತಕವನ್ನು ಇಟ್ಟುಕೊಂಡಿದೆ. ಒಂದೊಂದು ಪುಟದಲ್ಲಿ ಗಿಡದ ಕನ್ನಡ ಹೆಸರು, ಗೊತ್ತಾದರೆ ಲ್ಯಾಟಿನ್ ಹೆಸರು, ಕಂಡ ಊರು, ಕಂಡ ದಿನ. ಕೊನೆಯಲ್ಲಿ ಇನ್ನೊಂದು ಸಾಲು: ಹೆಸರು ಹೇಳಿದವರು. ಬುಕನನ್ ಬಿಟ್ಟುಹೋದ ಆ ಸಾಲನ್ನು ನಾವು ತುಂಬುತ್ತಿದ್ದೇವೆ. ಅಣ್ಣೆಸೊಪ್ಪಿನ ಪುಟದಲ್ಲಿ ಆ ಅಜ್ಜಿಯ ಹೆಸರಿದೆ. ಬರೆದುಕೊಳ್ಳುವಾಗ ಅವಳು, “ಬರ್ಕಂಡ್ರೆ ಏನ್ ಬಂತು ಸ್ವಾಮಿ, ಮನೇಗ್ ತಗಂಡೋಗಿ ಬೇಯ್ಸಿ” ಎಂದು ಒಂದು ಹಿಡಿ ಸೊಪ್ಪನ್ನೂ ನನ್ನ ಚೀಲಕ್ಕೆ ಹಾಕಿದಳು. ಅಂದು ರಾತ್ರಿ ನಮ್ಮ ಮನೆಯಲ್ಲಿ ಅದರ ಉಪ್ಸಾರೇ ಆಯಿತು.

ಹೊಳೆಮತ್ತಿಯ ಪುಟದಲ್ಲಿ ಆ ವಿದ್ಯಾರ್ಥಿಯ ಹೆಸರಿದೆ. ಈ ವರ್ಷ ಅದೇ ಪದ್ಯ ಮತ್ತೆ ಪಾಠಕ್ಕೆ ಬಂತು. ಅರ್ಥ ಬರೆಸುವ ಮೊದಲು, ‘ಭಾನುವಾರ ಬೆಳಗ್ಗೆ ಏಳು ಗಂಟೆಗೆ ಸಂಗಮಕ್ಕೆ ಬನ್ನಿ, ಬುತ್ತಿ ಮರೆಯಬೇಡಿ’ ಎಂದು ಹೇಳಿ ಪುಸ್ತಕವನ್ನು ಮುಚ್ಚಿದೆ.